ಬಾಗಿಲು ಮುಚ್ಚಿ ಕೂತವರನ್ನು ಕಂಡರೆ ಸರ್ವಾಧಿಕಾರಿಗೆ ಯಾಕಷ್ಟು ಹೆದರಿಕೆ?

ಓದುಗರ ಪ್ರಶ್ನೆಗಳಿಗೆ ಕಾರವಾರದ ಕೋಡಿಬಾಗದಿಂದ ನಿವೃತ್ತ ಇತಿಹಾಸ ಶಿಕ್ಷಕಿಯ ಉತ್ತರ

ಪ್ರಶ್ನೆ: ಅಕ್ಕೋರೆ, ನಾನು ಶಿರಸಿಯಲ್ಲಿ ಬಿ.ಎ. ಎರಡನೇ ವರ್ಷ ಓದುತ್ತಿದ್ದೇನೆ. ಯುರೋಪಿನ ಇತಿಹಾಸದಲ್ಲಿ ಒಂದು ವಿಷಯ ತಲೆಗೆ ಹೋಗುತ್ತಿಲ್ಲ. ಹಿಟ್ಲರ್, ಮುಸೊಲಿನಿ, ಫ್ರಾಂಕೊ ಒಂದು ಕಡೆ. ಸೋವಿಯತ್ ಕಮ್ಯುನಿಸ್ಟರು ಇನ್ನೊಂದು ಕಡೆ. ಒಬ್ಬರಿಗೊಬ್ಬರು ಆಗದವರು. ಆದರೆ ಫ್ರೀಮೇಸನ್ ಎಂಬ ಸಂಘವನ್ನು ಇವರೆಲ್ಲರೂ ಮುಚ್ಚಿಸಿದರಂತೆ. ಏಪ್ರನ್ ಕಟ್ಟಿಕೊಂಡು ಸಭೆ ಮಾಡಿ, ಒಟ್ಟಿಗೆ ಊಟ ಮಾಡಿ ಮನೆಗೆ ಹೋಗುವ ಮಂದಿಗೆ ಇಷ್ಟೊಂದು ಹೆದರುವುದು ಯಾಕೆ?

ಉತ್ತರ: ತಂಗಿ, ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಬಲಪಂಥ, ಎಡಪಂಥ ಎಂಬ ಲೆಕ್ಕದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಹಂಗೇರಿಯನ್ನು ನೋಡು. 1919ರಲ್ಲಿ ಅಲ್ಲಿ ಕೆಲವು ತಿಂಗಳು ಬೇಲಾ ಕುನ್‌ನ ಕಮ್ಯುನಿಸ್ಟ್ ಸರ್ಕಾರ ಇತ್ತು. ಅದು ಫ್ರೀಮೇಸನ್ ಲಾಡ್ಜ್‌ಗಳನ್ನು ಮುಚ್ಚಿಸಿತು. ಆ ಸರ್ಕಾರ ಬಿದ್ದ ಮೇಲೆ ಕಮ್ಯುನಿಸ್ಟರ ಕಡುವೈರಿ ಹೋರ್ತಿಯ ಆಡಳಿತ ಬಂತು. 1920ರಲ್ಲಿ ಅದೂ ಲಾಡ್ಜ್‌ಗಳನ್ನು ನಿಷೇಧಿಸಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಾಗಿಲು ತೆರೆದವು. 1950ರಲ್ಲಿ ಕಮ್ಯುನಿಸ್ಟರು ಮತ್ತೆ ಮುಚ್ಚಿದರು. ಒಬ್ಬರ ಪ್ರಕಾರ ಮೇಸನ್‌ಗಳು ಸಾಹುಕಾರರ ಕೂಟ. ಇನ್ನೊಬ್ಬರ ಪ್ರಕಾರ ದೇಶದ್ರೋಹಿಗಳು, ಯಹೂದಿಗಳ ಕೈಗೊಂಬೆಗಳು. ಹೇಳಿದ ಕಾರಣ ಬೇರೆ ಬೇರೆ. ಹಾಕಿದ ಬೀಗ ಒಂದೇ.

ಉಳಿದ ಓದುಗರಿಗಾಗಿ ಇವರು ಯಾರು ಅಂತ ಒಂದೆರಡು ಮಾತು ಹೇಳಿಬಿಡುತ್ತೇನೆ. ಫ್ರೀಮೇಸನ್‌ಗಳು ತಮ್ಮ ಪದ್ಧತಿಯನ್ನು ಹಳೆಯ ಕಲ್ಲುಕುಟಿಗರ ಸಂಘಗಳಿಂದ ಪಡೆದವರು. ಲಂಡನ್ನಿನ ಕೆಲವು ಗುಂಪುಗಳು ಒಟ್ಟಾಗಿ ಮೊದಲ ಮಹಾ ಲಾಡ್ಜ್ ಮಾಡಿಕೊಂಡದ್ದು 1717ರಲ್ಲಿ ಎಂಬುದು ಅವರು ಹೇಳಿಕೊಂಡು ಬಂದ ಲೆಕ್ಕ. ಅವರ ಮೊದಲ ಅಚ್ಚಾದ ನಿಯಮಾವಳಿ 1723ರದು. ಲಾಡ್ಜ್ ಅಂದರೆ ಅವರ ಶಾಖೆ. ಬಸ್‌ಸ್ಟ್ಯಾಂಡ್ ಹತ್ತಿರ ರೂಮು ಕೊಡುವ ಲಾಡ್ಜ್ ಅಲ್ಲ. ಸೇರುವವರಿಗೆ ದೇವರ ಮೇಲೆ ನಂಬಿಕೆ ಇದ್ದರೆ ಸಾಕು, ಯಾವ ದೇವರು ಅಂತ ಕೇಳುವುದಿಲ್ಲ. ಪ್ರಮಾಣ ಮಾಡಬೇಕು, ಗುರುತಿನ ಕೈಸನ್ನೆ ಕಲಿಯಬೇಕು. ಅವರ ಮುಖ್ಯ ಲಾಡ್ಜ್‌ಗಳು ಹೆಂಗಸರನ್ನು ಇವತ್ತಿಗೂ ಸೇರಿಸಿಕೊಳ್ಳುವುದಿಲ್ಲ. ಅದು ನನಗೆ ಒಪ್ಪಿಗೆಯಿಲ್ಲ. ಆದರೂ ಈ ಉತ್ತರದಲ್ಲಿ ನಾನು ಅವರ ಪರವಾಗಿಯೇ ನಿಲ್ಲುತ್ತೇನೆ.

ಈಗ ಆ ಕೋಣೆಯೊಳಗೆ ನಡೆಯುವುದನ್ನು ಯೋಚಿಸು. ಒಬ್ಬ ಜಡ್ಜ್, ಒಬ್ಬ ದರ್ಜಿ, ಒಬ್ಬ ಸೈನ್ಯಾಧಿಕಾರಿ, ಒಬ್ಬ ಮಾಸ್ತರು ಒಟ್ಟಿಗೆ ಕೂರುತ್ತಾರೆ. ತಮ್ಮ ಅಧ್ಯಕ್ಷನನ್ನು ತಾವೇ ಆರಿಸುತ್ತಾರೆ. ಹೊಸಬನನ್ನು ಸೇರಿಸಬೇಕೋ ಬೇಡವೋ ಅಂತ ಬಿಳಿ ಗುಂಡು, ಕರಿ ಗುಂಡು ಹಾಕಿ ಗುಟ್ಟಾಗಿ ಮತ ಕೊಡುತ್ತಾರೆ. ಒಬ್ಬ ಸತ್ತರೆ ಅವನ ಹೆಂಡತಿ ಮಕ್ಕಳಿಗೆ ಚಂದಾ ಎತ್ತುತ್ತಾರೆ. ಇಷ್ಟೂ ನಡೆಯುವುದು ಸರ್ಕಾರದ ಅಪ್ಪಣೆ ಇಲ್ಲದೆ. ನಮ್ಮ ಕರಾವಳಿಗೆ ಇಂಥದ್ದು ಹೊಸತಲ್ಲ. ರಂಪಣಿ ಎಳೆದವರು ಮೀನಿನ ಪಾಲನ್ನು ತಾವೇ ಹಂಚಿಕೊಳ್ಳುತ್ತಾರೆ, ಅದಕ್ಕೆ ಯಾವ ಇಲಾಖೆಯೂ ಬೇಕಿಲ್ಲ. ಸಾಮಾನ್ಯ ಸರ್ಕಾರ ಇದನ್ನೆಲ್ಲ ನೋಡಿ ಸುಮ್ಮನಿರುತ್ತದೆ. ಸರ್ವಾಧಿಕಾರಕ್ಕೆ ಹಾಗೆ ಇರಲು ಆಗುವುದಿಲ್ಲ. ಪ್ರತಿಯೊಬ್ಬ ಮನುಷ್ಯನೂ ನೇರ ನಾಯಕನಿಗೆ ಮಾತ್ರ ಕಟ್ಟುಬಿದ್ದಿರಬೇಕು ಎಂಬುದು ಅದರ ಆಸೆ. ನೆರೆಯವನಿಗೆ ಕೊಟ್ಟ ಮಾತು ನಾಯಕನಿಗೆ ಕೊಟ್ಟ ಮಾತಿಗಿಂತ ದೊಡ್ಡದಾದರೆ? ಇದೇ ಅದಕ್ಕೆ ನಿದ್ದೆ ಕೆಡಿಸುವ ವಿಷಯ.

ಗುಟ್ಟು ಅನ್ನುವುದು ನೆಪ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಯಾಕೆಂದರೆ ಇದೇ ಸರ್ಕಾರಗಳು ಗುಟ್ಟೇ ಇಲ್ಲದವರನ್ನೂ ಬಿಡಲಿಲ್ಲ. ರೋಟರಿ ಕ್ಲಬ್ ನಿನಗೆ ಗೊತ್ತಲ್ವಾ? ರಕ್ತದಾನ ಶಿಬಿರ ಮಾಡಿ ಫೋಟೋ ಪತ್ರಿಕೆಗೆ ಕೊಡುವ ಸಂಸ್ಥೆ. ಅದರಲ್ಲಿ ಅಡಗಿಸಿಡುವಂಥದ್ದು ಏನಿದೆ? ಜರ್ಮನಿಯಲ್ಲಿ 1937ರಲ್ಲಿ, ಇಟಲಿಯಲ್ಲಿ 1938ರಲ್ಲಿ ರೋಟರಿ ಕ್ಲಬ್‌ಗಳು ಮುಚ್ಚಿಹೋದವು. ಎಲ್ಲ ದೇಶದವರೂ ಮಾತಾಡಿಕೊಳ್ಳಲಿ ಎಂದು ಹೊಸದಾಗಿ ಕಟ್ಟಿದ ಎಸ್ಪೆರಾಂಟೊ ಭಾಷೆಯನ್ನು ಕಲಿಯುವವರ ಸಂಘಗಳನ್ನು ನಾಜಿಗಳೂ ಮುಚ್ಚಿಸಿದರು, ಸ್ಟಾಲಿನ್ ಕೂಡ 1937–38ರ ದಮನದಲ್ಲಿ ಎಸ್ಪೆರಾಂಟೊ ಕಲಿತವರನ್ನು ಹಿಡಿಸಿದ. ಬೇರೆ ದೇಶದ ಗೆಳೆಯನಿಗೆ ಕಾಗದ ಬರೆಯುವುದೇ ಅವರ ತಪ್ಪು.

ಮೊದಲು ಇಟಲಿಯ ಕಥೆ ಹೇಳುತ್ತೇನೆ, ಅದು ಎಲ್ಲಕ್ಕಿಂತ ಸ್ಪಷ್ಟವಾಗಿದೆ. ಆರಂಭದಲ್ಲಿ ಮುಸೊಲಿನಿಯ ಹತ್ತಿರದವರಲ್ಲೂ ಮೇಸನ್‌ಗಳಿದ್ದರು. 1923ರಲ್ಲಿ ಫ್ಯಾಸಿಸ್ಟ್ ಪಕ್ಷದ ಮಹಾಮಂಡಳಿ, ಪಕ್ಷ ಇಲ್ಲವೇ ಲಾಡ್ಜ್, ಒಂದನ್ನು ಆರಿಸಿಕೊಳ್ಳಿ ಎಂದಿತು. 1925ರಲ್ಲಿ ಸಂಘಗಳ ಮೇಲೆ ಕಾನೂನು ಬಂತು. ಅಧಿಕಾರಿಗಳು ಕೇಳಿದಾಗ ಸಂಘಗಳು ಸದಸ್ಯರ ಪಟ್ಟಿ ಕೊಡಬೇಕು, ಸರ್ಕಾರಿ ನೌಕರರು ಗುಪ್ತ ಸಂಘದಲ್ಲಿ ಇರಕೂಡದು. ಆ ಮಸೂದೆಯ ಮೇಲೆ ಮೇ 16ರಂದು ಸಂಸತ್ತಿನಲ್ಲಿ ಕಮ್ಯುನಿಸ್ಟ್ ನಾಯಕ ಆಂಟೊನಿಯೊ ಗ್ರಾಮ್ಶಿ ಮಾತಾಡಿದರು. ಆ ಸಭೆಯಲ್ಲಿ ಅವರು ಮಾಡಿದ ಒಂದೇ ಭಾಷಣ ಅದು. ಗ್ರಾಮ್ಶಿಗೆ ಮೇಸನ್‌ಗಳ ಮೇಲೆ ಪ್ರೀತಿ ಇರಲಿಲ್ಲ. ಅವರ ಪಕ್ಷವೂ ಮೇಸನ್‌ಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ, 1922ರಲ್ಲೇ ದೇಶದೇಶಗಳ ಕಮ್ಯುನಿಸ್ಟ್ ಪಕ್ಷಗಳ ಒಕ್ಕೂಟವಾದ ಕಮ್ಯುನಿಸ್ಟ್ ಇಂಟರ್‌ನ್ಯಾಷನಲ್ ಹಾಗೆ ತೀರ್ಮಾನಿಸಿತ್ತು. ಆದರೂ ಅವರು ಎದ್ದು ನಿಂತು, ಹೆಸರಿಗೆ ಇದು ಮೇಸನ್‌ಗಳ ಮೇಲಿನ ಕಾನೂನು, ನಿಜವಾದ ಏಟು ಬೀಳುವುದು ಕಾರ್ಮಿಕರ ಸಂಘಟನೆಗಳಿಗೆ ಎಂದು ಎಚ್ಚರಿಸಿದರು. ಮುಸೊಲಿನಿ ನಡುನಡುವೆ ಬಾಯಿ ಹಾಕುತ್ತಿದ್ದ. ಮುಂದಿನ ವರ್ಷ, 1926ರ ನವೆಂಬರಿನಲ್ಲಿ ವಿರೋಧ ಪಕ್ಷಗಳೆಲ್ಲ ಮುಚ್ಚಿದವು. ಗ್ರಾಮ್ಶಿ ಜೈಲು ಸೇರಿದರು. ಮೇಸನ್‌ಗಳ ಮುಖ್ಯಸ್ಥ ಡೊಮಿಝಿಯೊ ಟೊರಿಜಾನಿಯನ್ನು ಲಿಪಾರಿ ದ್ವೀಪಕ್ಕೆ ಗಡೀಪಾರು ಮಾಡಿದರು. ನನ್ನ ತರಗತಿಗಳಲ್ಲಿ ಈ ಭಾಷಣವನ್ನು ನಾನು ಬಿಟ್ಟದ್ದೇ ಇಲ್ಲ. ತನಗೆ ಇಷ್ಟವಿಲ್ಲದವನ ಹಕ್ಕಿಗಾಗಿ ಒಬ್ಬ ಮನುಷ್ಯ ಮಾತಾಡಿದ್ದನ್ನು ಮಕ್ಕಳು ಕೇಳಬೇಕು.

ನಮಗೆ ಇನ್ನೂ ಹತ್ತಿರದ ಕಥೆ ಪೋರ್ಚುಗಲ್‌ನದು. ಹತ್ತಿರ ಅಂದರೆ ಗೋವಾಕ್ಕೆ ಹೋಗುವ ಮಾಜಾಳಿ ಗಡಿಯಷ್ಟು ಹತ್ತಿರ. 1935ರ ಜನವರಿಯಲ್ಲಿ ಲಿಸ್ಬನ್ನಿನ ಸಂಸತ್ತಿನಲ್ಲಿ ಸರ್ವಾಧಿಕಾರಿ ಸಾಲಾಜಾರ್‌ನ ಕಡೆಯ ಒಬ್ಬ ಸದಸ್ಯ ಗುಪ್ತ ಸಂಘಗಳನ್ನು ನಿಷೇಧಿಸುವ ಮಸೂದೆ ತಂದ. ಅದನ್ನು ವಿರೋಧಿಸಿ ಫೆಬ್ರವರಿ 4ರಂದು ಪತ್ರಿಕೆಯಲ್ಲಿ ದೊಡ್ಡ ಲೇಖನ ಬರೆದವನು ಕವಿ ಫೆರ್ನಾಂಡೊ ಪೆಸೋವಾ. ಅವನು ಮೇಸನ್ ಅಲ್ಲ. ಅವನ ಮಾತು ಯಾರೂ ಕೇಳಲಿಲ್ಲ. ಸಭೆ ಒಮ್ಮತದಿಂದ ಒಪ್ಪಿತು, ಮೇ 21ಕ್ಕೆ ಕಾನೂನಾಯಿತು. ಸರ್ಕಾರಿ ಕೆಲಸ ಬೇಕಾದವರು, ನಾನು ಗುಪ್ತ ಸಂಘದಲ್ಲಿ ಇಲ್ಲ, ಮುಂದೆಯೂ ಸೇರುವುದಿಲ್ಲ ಎಂದು ಬರೆದುಕೊಡಬೇಕಾಯಿತು. ಆಗ ಅಲ್ಲಿನ ಮೇಸನ್‌ಗಳ ಮುಖ್ಯಸ್ಥರು ನಾರ್ಟನ್ ದ ಮಾಟೋಸ್. ತರುಣರಾಗಿದ್ದಾಗ ಗೋವಾದಲ್ಲಿ ಭೂಮಾಪನ ಇಲಾಖೆಯಲ್ಲಿದ್ದವರು, ಆಮೇಲೆ ಅಂಗೋಲಾದ ಆಡಳಿತ ನಡೆಸಿದವರು. ಕಾನೂನು ಬಂದಾಗ ಸ್ಥಾನ ಬಿಟ್ಟರು. 1949ರಲ್ಲಿ ಇಳಿವಯಸ್ಸಿನಲ್ಲಿ ಸಾಲಾಜಾರ್ ಆಡಳಿತದ ವಿರುದ್ಧ ರಾಷ್ಟ್ರಪತಿ ಚುನಾವಣೆಗೆ ನಿಂತರು. ಆಗಲೂ ಅವರ ಮೇಲೆ ಎಸೆದ ಕಲ್ಲು ಇದೇ: ಈತ ಮೇಸನ್. ನಡೆಯುವುದು ನ್ಯಾಯವಾದ ಚುನಾವಣೆ ಅಲ್ಲ ಎಂದು ಗೊತ್ತಾದ ಮೇಲೆ ಅವರು ಕಣದಿಂದ ಹಿಂದೆ ಸರಿದರು.

ಅದೇ ಸಾಲಾಜಾರ್‌ನ ಆಡಳಿತ 1961ರ ಡಿಸೆಂಬರ್‌ವರೆಗೆ ಗೋವಾದಲ್ಲಿತ್ತು, ನಮ್ಮ ಕಾರವಾರದ ಎದುರಿಗೇ ಇರುವ ಅಂಜುದೀವ ದ್ವೀಪದಲ್ಲೂ ಇತ್ತು. ನನ್ನ ಅಮ್ಮನ ತವರು ಕಾಣಕೋಣ. ಅಮ್ಮನ ಮದುವೆ ಕಾಗದವನ್ನು ಅಚ್ಚು ಹಾಕಿಸುವ ಮೊದಲು ಅಜ್ಜ ಕಚೇರಿಗೆ ಒಯ್ದು ಸೆನ್ಸಾರ್ ಮುದ್ರೆ ಹಾಕಿಸಿಕೊಂಡು ಬರಬೇಕಾಗಿತ್ತಂತೆ. ಮುಹೂರ್ತ, ಊಟ, ಬಂಧುಬಳಗದ ಹೆಸರು, ಇಷ್ಟೇ ಇದ್ದ ಕಾಗದ. ಅದನ್ನು ಓದಿ ಅವರಿಗೆ ಸಿಗುವುದೇನು ಅಂತ ಅಮ್ಮ ಕೊನೆಯವರೆಗೂ ಸಿಟ್ಟಿನಿಂದಲೇ ಕೇಳುತ್ತಿದ್ದಳು. ನೂರು ಜನ ಒಂದು ಚಪ್ಪರದಡಿ ಸೇರುತ್ತಾರೆ, ಯಾರು ಕರೆದರು, ಯಾರು ಬಂದರು ಎಂಬುದು ತನಗೆ ಮೊದಲೇ ತಿಳಿಯಬೇಕು. ಆ ಸರ್ಕಾರಕ್ಕೆ ಬೇಕಾಗಿದ್ದು ಇದು. ಮದುವೆ ಚಪ್ಪರದ ವಿಷಯದಲ್ಲೇ ಹೀಗಾದರೆ ಬಾಗಿಲು ಹಾಕಿಕೊಂಡು ಪ್ರಮಾಣ ಮಾಡುವವರನ್ನು ಬಿಡುತ್ತದೆಯೇ?

ಇದಕ್ಕೂ ಹಳೆಯ ಬೇರು ಒಂದಿದೆ. ಪೋಪ್ ಹನ್ನೆರಡನೇ ಕ್ಲೆಮೆಂಟ್ 1738ರಲ್ಲೇ ಮೇಸನ್ ಆಗುವುದನ್ನು ಕ್ಯಾಥೊಲಿಕರಿಗೆ ನಿಷೇಧಿಸಿದ. ಬೇರೆ ಬೇರೆ ಮತದವರು ಒಟ್ಟಿಗೆ ಕೂರುವುದು, ಗುಟ್ಟಿನ ಪ್ರಮಾಣ, ಇವೇ ಅವನ ಆಕ್ಷೇಪ. ಲಂಡನ್ನಿನಿಂದ ಬಂದು ಲಿಸ್ಬನ್ನಿನಲ್ಲಿ ರತ್ನದ ಕೆಲಸ ಮಾಡುತ್ತಿದ್ದ ಜಾನ್ ಕೂಸ್ಟೋಸ್ ಎಂಬವನನ್ನು 1743ರಲ್ಲಿ ಇನ್‌ಕ್ವಿಸಿಷನ್, ಅಂದರೆ ಮತದ್ರೋಹವನ್ನು ವಿಚಾರಿಸುವ ಚರ್ಚಿನ ನ್ಯಾಯಪೀಠ, ಹಿಡಿಯಿತು. ಲಾಡ್ಜ್ ನಡೆಸಿದ್ದಕ್ಕೆ ಚಿತ್ರಹಿಂಸೆ ಕೊಟ್ಟಿತು. ಕೊನೆಗೆ ಬ್ರಿಟಿಷ್ ಸರ್ಕಾರ ಮಧ್ಯೆ ಬಂದು ಅವನನ್ನು ಬಿಡಿಸಿತು. ಅದೇ ಇನ್‌ಕ್ವಿಸಿಷನ್‌ನ ಪೀಠ 1560ರಿಂದ ಗೋವಾದಲ್ಲೂ ಇತ್ತು. ಅದರ ಕಾಟಕ್ಕೆ ದೇವರನ್ನು ಎತ್ತಿಕೊಂಡು ಕಾರವಾರ, ಅಂಕೋಲಾ, ಕುಮಟಾ ಕಡೆ ಬಂದ ಕುಟುಂಬಗಳ ಮೊಮ್ಮಕ್ಕಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಂದಿ ಇದ್ದಾರೆ.

ಇನ್ನು ಜರ್ಮನಿ. ಅಲ್ಲಿಯ ಕೆಲವು ಹಳೆಯ ಪ್ರಶ್ಯನ್ ಲಾಡ್ಜ್‌ಗಳು 1933ರಲ್ಲಿ ಹಿಟ್ಲರ್‌ಗೆ ತಲೆಬಾಗಿದವು. ಫ್ರೀಮೇಸನ್ ಎಂಬ ಹೆಸರನ್ನೇ ಬಿಟ್ಟು, ತಾವು ಜರ್ಮನ್ ಕ್ರೈಸ್ತ ಸಂಘ ಎಂದು ಬೋರ್ಡು ಬದಲಿಸಿಕೊಂಡವು. ಬಾಗಿದ್ದು ಪ್ರಯೋಜನಕ್ಕೆ ಬರಲಿಲ್ಲ. 1935ರ ಹೊತ್ತಿಗೆ ಅವುಗಳನ್ನೂ ಮುಚ್ಚಿಸಿ ಆಸ್ತಿ ಕಿತ್ತುಕೊಂಡರು. ನಾಯಕನಿಗೆ ವಿಧೇಯರಾದರೆ ಸಾಲುತ್ತಿರಲಿಲ್ಲ, ಬೇರೆ ಸಂಘವಾಗಿ ಉಳಿಯುವುದೇ ಅಪರಾಧವಾಗಿತ್ತು. ಇದೇ ಕಾಲದ ಇನ್ನೊಂದು ಸಂಗತಿ ನನ್ನನ್ನು ಯಾವಾಗಲೂ ಕಾಡುತ್ತದೆ. 1934ರಲ್ಲಿ ಬರ್ಲಿನ್ನಿನ ನಾಜಿ ಗುಪ್ತಚರ ಕಚೇರಿಗೆ ಅಡಾಲ್ಫ್ ಐಕ್‌ಮನ್ ಎಂಬ ತರುಣ ಸೇರಿದ. ಅವನಿಗೆ ಕೊಟ್ಟ ಮೊದಲ ಕೆಲಸ ಫ್ರೀಮೇಸನ್‌ಗಳ ಹೆಸರಿನ ಕಾರ್ಡುಗಳನ್ನು ಜೋಡಿಸುವುದು. ಆಮೇಲೆ ಅವನನ್ನು ಯಹೂದಿಗಳ ವಿಭಾಗಕ್ಕೆ ಹಾಕಿದರು. ಲಕ್ಷಾಂತರ ಜನರನ್ನು ಸಾವಿನ ಶಿಬಿರಗಳಿಗೆ ರೈಲು ಹತ್ತಿಸಿದವನು ಅವನೇ. ಕಾರ್ಡು ಬರೆಯುವ ಕೈಗೆ ಅಭ್ಯಾಸ ಇಲ್ಲೇ ಆಯಿತು.

ಪಟ್ಟಿಯ ಹುಚ್ಚು ಸ್ಪೇನ್‌ನಲ್ಲಿ ಇನ್ನೂ ಜಾಸ್ತಿ. ಫ್ರಾಂಕೊ 1940ರ ಮಾರ್ಚ್ 1ರಂದು ಮೇಸನ್‌ಗಳನ್ನೂ ಕಮ್ಯುನಿಸ್ಟರನ್ನೂ ದಮನ ಮಾಡಲು ಒಂದೇ ಕಾನೂನು ತಂದ. ಅದಕ್ಕೆ ಬೇರೆಯೇ ನ್ಯಾಯಮಂಡಳಿ. ವಶಪಡಿಸಿಕೊಂಡ ಕಾಗದಗಳನ್ನೆಲ್ಲ ಸಾಲಮಾಂಕಾ ಊರಿನಲ್ಲಿ ಕೂಡಿಟ್ಟರು. ಅಲ್ಲಿ ಸುಮಾರು 80,000 ಜನರ ಹೆಸರಿನ ಕಡತಗಳು ತಯಾರಾದವು. 1936ರ ಅಂತರ್ಯುದ್ಧಕ್ಕೆ ಮೊದಲು ಇಡೀ ದೇಶದಲ್ಲಿದ್ದ ಮೇಸನ್‌ಗಳು ಅದರ ಒಂದು ಸಣ್ಣ ಪಾಲು ಅಷ್ಟೇ, ಕೆಲವೇ ಸಾವಿರ. ಉಳಿದ ಹೆಸರುಗಳು ಎಲ್ಲಿಂದ ಬಂದವು? ಸಂಶಯದಿಂದ ಬಂದವು, ಪಕ್ಕದ ಮನೆಯವರ ದೂರಿನಿಂದ ಬಂದವು. ಗುಪ್ತ ಸಂಘ ಎಂಬ ಆರೋಪದಿಂದ ಸರ್ವಾಧಿಕಾರಿಗೆ ಆಗುವ ದೊಡ್ಡ ಅನುಕೂಲ ಇದು. ನಾನು ಸದಸ್ಯನಲ್ಲ ಎಂದು ಸಾಬೀತು ಮಾಡುವುದು ಯಾರಿಗೂ ಆಗದು. ಇಲ್ಲ ಎಂದಷ್ಟೂ, ನೋಡಿ, ಗುಟ್ಟು ಕಾಯುತ್ತಿದ್ದಾನೆ ಎನ್ನಬಹುದು. ಸ್ಪೇನ್ 1898ರಲ್ಲಿ ಕ್ಯೂಬಾ, ಫಿಲಿಪೀನ್ಸ್ ಕಳೆದುಕೊಂಡದ್ದಕ್ಕೂ ಫ್ರಾಂಕೊ ಮೇಸನ್‌ಗಳನ್ನೇ ದೂರಿದ. ಸುಳ್ಳು ಹೆಸರಿನಲ್ಲಿ ಪತ್ರಿಕೆಗೆ ಅವರ ವಿರುದ್ಧ ಲೇಖನಗಳನ್ನೂ ಬರೆದ. ಅವನ ತಮ್ಮ ರಾಮೊನ್ ಸ್ವತಃ ಮೇಸನ್. 1936ರಲ್ಲಿ ಅವನ ಜೊತೆಗೇ ದಂಗೆ ಎದ್ದ ಜನರಲ್ ಕಬಾನೆಯಾಸ್ ಕೂಡ ಮೇಸನ್. ಕೈಯಲ್ಲಿದ್ದ ಸಾಕ್ಷಿಯೇ ಅವನ ಮಾತಿಗೆ ವಿರುದ್ಧವಾಗಿತ್ತು. 1975ರ ಅಕ್ಟೋಬರ್ 1ರಂದು ಮಾಡಿದ ಕೊನೆಯ ಬಹಿರಂಗ ಭಾಷಣದಲ್ಲೂ ಮೇಸನ್‌ಗಳ ಸಂಚು ಎಂದೇ ಹೇಳಿದ. ಮುಂದಿನ ತಿಂಗಳು ಸತ್ತ.

ನೀನು ಪರೀಕ್ಷೆಗೆ ಬರೆಯಲಿ, ಬಿಡಲಿ, ಇದೊಂದನ್ನು ಓದಿಕೊ. ಜರ್ಮನಿಯ ಎಸ್ಟರ್‌ವೇಗನ್ ಶಿಬಿರದ ಆರನೇ ಬ್ಯಾರಕ್ಕಿನಲ್ಲಿ ಬೆಲ್ಜಿಯಂನ ಕೆಲವು ಕೈದಿಗಳಿದ್ದರು. ನಾಜಿ ವಿರೋಧಿ ಹೋರಾಟದಲ್ಲಿ ಸಿಕ್ಕಿಬಿದ್ದವರು. 1943ರ ನವೆಂಬರಿನಲ್ಲಿ ಅವರು ಅಲ್ಲೇ ಒಂದು ಲಾಡ್ಜ್ ಶುರು ಮಾಡಿದರು. 'ಪ್ರಿಯ ಸ್ವಾತಂತ್ರ್ಯ' ಎಂದು ಫ್ರೆಂಚಿನಲ್ಲಿ ಹೆಸರಿಟ್ಟರು. ಪಾಲ್ ಹಾನ್ಸನ್ ಎಂಬ ನ್ಯಾಯಾಧೀಶರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ಕಾಡತೂಸು ಬೇರ್ಪಡಿಸುವ ಮೇಜಿನ ಸುತ್ತ ಕೂತು ಪಿಸುಮಾತಿನಲ್ಲಿ ಸಭೆ ನಡೆಸಿದರು. ಕಾವಲುಗಾರರು ಬರುತ್ತಾರಾ ಅಂತ ಆಗ ಹೊರಗೆ ನೋಡುತ್ತಿದ್ದವರು ಕ್ಯಾಥೊಲಿಕ್ ಪಾದ್ರಿಗಳು. ಇನ್ನೂರು ವರ್ಷ ಚರ್ಚ್ ಬೈದುಕೊಂಡು ಬಂದ ಸಂಘ ಅದು. ಹಾನ್ಸನ್ ಬದುಕಿ ಬರಲಿಲ್ಲ, ಅವರ ಜೊತೆಗಾರರಲ್ಲಿ ಹೆಚ್ಚಿನವರೂ ಬರಲಿಲ್ಲ. ಎಲ್ಲವನ್ನೂ ಕಸಿದುಕೊಂಡ ಜಾಗದಲ್ಲೂ ಅಧ್ಯಕ್ಷನನ್ನು ಮತ ಹಾಕಿ ಆರಿಸಬೇಕು ಅನ್ನಿಸಿತಲ್ಲ ಅವರಿಗೆ! ಸರ್ವಾಧಿಕಾರಿಗಳು ಹೆದರಿದ್ದು ಸುಮ್ನೆ ಅಲ್ಲ ತಂಗಿ. ಅವರು ಹೆದರಿದ್ದು ಇದಕ್ಕೇ.

ಪ್ರಶ್ನೆ: ಮೇಡಂ, ನಾನು ಕುಮಟಾದ ನಿವೃತ್ತ ಬ್ಯಾಂಕ್ ನೌಕರ. ಒಳ್ಳೆಯ ಕೆಲಸ ಮಾಡುವವರಿಗೆ ಗುಟ್ಟು ಯಾಕೆ ಬೇಕು? ಜಡ್ಜ್, ಮಂತ್ರಿ, ಮಿಲಿಟರಿಯವರು ಬಾಗಿಲ ಹಿಂದೆ ಪ್ರಮಾಣ ಮಾಡಿಕೊಂಡರೆ ಜನ ಸಂಶಯಪಡುವುದು ತಪ್ಪಾ? ಇಟಲಿಯಲ್ಲಿ ಒಂದು ಲಾಡ್ಜ್ ದೊಡ್ಡ ಹಗರಣ ಮಾಡಿತ್ತು ಎಂದು ಆಗಿನ ಪತ್ರಿಕೆಯಲ್ಲಿ ಓದಿದ ನೆನಪು.

ಉತ್ತರ: ಸಂಶಯಪಡುವುದು ತಪ್ಪಲ್ಲ ಸರ್. ನಿಮ್ಮ ನೆನಪೂ ಸರಿಯಾಗಿದೆ. ಅದು ಪಿ-2 ಲಾಡ್ಜ್. 1981ರ ಮಾರ್ಚ್ 17ರಂದು ಪೊಲೀಸರು ಅದರ ಮುಖ್ಯಸ್ಥ ಲಿಚಿಯೊ ಜೆಲ್ಲಿಯ ಜಾಗದಲ್ಲಿ ತನಿಖೆ ಮಾಡಿದಾಗ 962 ಹೆಸರುಗಳ ಪಟ್ಟಿ ಸಿಕ್ಕಿತು. ಮಂತ್ರಿಗಳು, ಜನರಲ್‌ಗಳು, ಗುಪ್ತಚರ ಸಂಸ್ಥೆಯ ಮುಖ್ಯಸ್ಥರು, ಬ್ಯಾಂಕಿನವರು, ಪತ್ರಕರ್ತರು ಅದರಲ್ಲಿದ್ದರು. ಸರ್ಕಾರವೇ ಬಿತ್ತು. ಅದಕ್ಕೂ ಹಳೆಯದು ಫ್ರಾನ್ಸಿನ 1904ರ ಹಗರಣ. ಯಾವ ಸೈನ್ಯಾಧಿಕಾರಿ ಚರ್ಚಿಗೆ ಹೋಗುತ್ತಾನೆ ಎಂದು ಮೇಸನ್‌ಗಳು ಗುಟ್ಟಾಗಿ ಕಾರ್ಡು ಬರೆದು ಯುದ್ಧ ಇಲಾಖೆಗೆ ಕೊಡುತ್ತಿದ್ದರು, ಅದನ್ನು ನೋಡಿ ಬಡ್ತಿ ತಡೆಯುತ್ತಿದ್ದರು. ಗೊತ್ತಾದಾಗ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಮೇಸನ್‌ಗಳೂ ಅಧಿಕಾರದ ಹತ್ತಿರ ಬಂದಾಗ ಪಟ್ಟಿ ಮಾಡಿದ್ದಾರೆ. ಇದನ್ನು ಮುಚ್ಚಿಟ್ಟರೆ ನನ್ನ ಮೊದಲ ಉತ್ತರಕ್ಕೆ ಬೆಲೆ ಇರುವುದಿಲ್ಲ.

ಆದರೆ ಪಿ-2 ವಿಷಯದಲ್ಲಿ ಇಟಲಿ ಏನು ಮಾಡಿತು ನೋಡಿ. ಸಂಸತ್ತು ವಿಚಾರಣಾ ಸಮಿತಿ ಮಾಡಿತು. ಅಧ್ಯಕ್ಷೆ ಟೀನಾ ಆನ್ಸೆಲ್ಮಿ. ಹದಿನೇಳರ ಹರೆಯದಲ್ಲಿ ಫ್ಯಾಸಿಸ್ಟರ ವಿರುದ್ಧ ಹೋರಾಡುವವರಿಗೆ ಗುಟ್ಟಾಗಿ ಸಂದೇಶ ಒಯ್ಯುತ್ತಿದ್ದ ಹುಡುಗಿ ಈಕೆ. ಗುಟ್ಟು ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ತೂಗಿ ನೋಡಲು ಆಕೆಗಿಂತ ಯೋಗ್ಯರು ಸಿಗುತ್ತಿರಲಿಲ್ಲ. ವರ್ಷಗಟ್ಟಲೆ ಸಾಕ್ಷಿ ಕೇಳಿದರು. 1982ರ ಕಾನೂನು ಪಿ-2ವನ್ನು ಮುಚ್ಚಿತು. ಆದರೆ ಎಲ್ಲ ಲಾಡ್ಜ್‌ಗಳನ್ನೂ ಮುಚ್ಚಲಿಲ್ಲ. ಗುಟ್ಟಾಗಿದ್ದುಕೊಂಡು ಸರ್ಕಾರದ ಕೆಲಸದಲ್ಲಿ ಕೈಯಾಡಿಸುವುದು ಅಪರಾಧ ಎಂದಿತು. ಮುಸೊಲಿನಿ ಮೊದಲು ಸಂಘವನ್ನು ಹಿಡಿದ, ತಪ್ಪನ್ನು ಆಮೇಲೆ ಹುಡುಕಿದ. ಈ ಬಾರಿ ಮೊದಲು ತಪ್ಪು ಸಿಕ್ಕಿತು, ಆಮೇಲೆ ಅದನ್ನು ಮಾಡಿದವರನ್ನು ಹಿಡಿದರು.

ಗುಟ್ಟು ಯಾಕೆ ಬೇಕು ಎಂದು ಕೇಳಿದ್ದೀರಿ. ನೀವು ಬ್ಯಾಂಕಿನಲ್ಲಿದ್ದವರು, ಯೂನಿಯನ್ ಚುನಾವಣೆ ನೋಡಿದವರು. ಮತಪೆಟ್ಟಿಗೆ ಯಾಕೆ ಮರೆಯಲ್ಲಿ ಇರುತ್ತದೆ? ಅಧಿಕಾರ ಇಲ್ಲದವನಿಗೆ ಸ್ವಲ್ಪ ಮರೆ ಬೇಕು. ಅಧಿಕಾರದಲ್ಲಿ ಕೂತವನು ಮಾತ್ರ ಬೆಳಕಿಗೆ ಬರಬೇಕು. ಮಂತ್ರಿಯೋ ಜಡ್ಜೋ ತಾನು ಯಾವ ಸಂಘದಲ್ಲಿದ್ದೇನೆ ಎಂದು ಹೇಳಲಿ ಎಂಬ ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಒಬ್ಬ ದರ್ಜಿಯನ್ನೋ ಮಾಸ್ತರನ್ನೋ ಹಾಗೆ ಕೇಳುವುದನ್ನು ಒಪ್ಪುವುದಿಲ್ಲ.

ಪ್ರಶ್ನೆ: ಕ್ಯೂಬಾದಲ್ಲಿ ಕ್ಯಾಸ್ಟ್ರೊ ಮೇಸನ್‌ಗಳನ್ನು ಮುಚ್ಚಿಸಲಿಲ್ಲ ಎಂದು ಕೇಳಿದ್ದೇನೆ. ಹೌದಾ? (ಹೊನ್ನಾವರದಿಂದ)

ಉತ್ತರ: ಹೌದು. ಹವಾನಾದಲ್ಲಿ ಅವರ ಎತ್ತರದ ಕಟ್ಟಡ ಇವತ್ತಿಗೂ ಇದೆ. ಕ್ಯೂಬಾ ಸ್ವಾತಂತ್ರ್ಯದ ನಾಯಕ ಹೊಸೆ ಮಾರ್ತಿಯೇ ಮೇಸನ್. ರಾಷ್ಟ್ರಪಿತನ ಸಂಘವನ್ನು ನಿಷೇಧಿಸುವುದು ಕ್ರಾಂತಿಯ ಸರ್ಕಾರಕ್ಕೂ ಕಷ್ಟ. ಆದರೆ ಅಲ್ಲಿ ಸಂಘಗಳು ಸರ್ಕಾರದ ನೋಂದಣಿಯಲ್ಲಿ, ಸರ್ಕಾರದ ಕಣ್ಣಳತೆಯಲ್ಲಿ ಇರಬೇಕು. ಚೀನಾದಲ್ಲೂ ಹೀಗೇ ಆಗಿದೆ. ಚೀನಾ ಗಣರಾಜ್ಯ ಕಟ್ಟಿದ ಸುನ್ ಯಾತ್‌ಸೆನ್ ಸೇರಿದ್ದ ಹೊಂಗ್‌ಮೆನ್ ಎಂಬ ಹಳೆಯ ಗುಪ್ತ ಸಂಘದಿಂದ ಹುಟ್ಟಿದ ಒಂದು ಪಕ್ಷ ಅಲ್ಲಿ ಈಗಲೂ ಕಮ್ಯುನಿಸ್ಟ್ ಪಕ್ಷದ ನೆರಳಲ್ಲಿ ನಡೆಯುತ್ತಿದೆ. ಯೀಗ್ವಾನ್‌ದಾವ್ ಎಂಬ ಇನ್ನೊಂದು ಪಂಥ ಹಾಗೆ ನೆರಳಿಗೆ ಬರಲಿಲ್ಲ. 1950ರ ಆಸುಪಾಸಿನಲ್ಲಿ ಅದನ್ನು ಕಠೋರವಾಗಿ ಹತ್ತಿಕ್ಕಿದರು.

ಪ್ರಶ್ನೆ: ಅಕ್ಕೋರೆ, ನಾವು ಅಂಕೋಲಾ ಕಡೆಯವರು. ನಮ್ಮ ಅಜ್ಜ 1932ರಲ್ಲಿ ಕರ ನಿರಾಕರಣೆಯ ಹೊತ್ತಿಗೆ ಜೈಲಿಗೆ ಹೋದವರು. ಕಾನೂನುಬಾಹಿರ ಸಂಘದಲ್ಲಿ ಇದ್ದರು ಎಂದು ಆರೋಪ. ಬ್ರಿಟಿಷರ ಲಾಡ್ಜ್‌ಗಳು ಮಾತ್ರ ಆರಾಮಾಗಿ ನಡೆಯುತ್ತಿದ್ದವಲ್ಲ. ಅವರಿಗೆ ಬೇರೆ ಕಾನೂನಾ?

ಉತ್ತರ: ಬೇರೆಯೇ ಇತ್ತು, ಅದೂ ಬರೆದಿಟ್ಟ ಕಾನೂನು. ಫ್ರೆಂಚ್ ಕ್ರಾಂತಿಯ ಭಯದಲ್ಲಿ ಬ್ರಿಟನ್ 1799ರಲ್ಲಿ ಗುಟ್ಟಿನ ಪ್ರಮಾಣ ಮಾಡಿಸುವ ಸಂಘಗಳನ್ನು ನಿಷೇಧಿಸಿತು. ಫ್ರೀಮೇಸನ್‌ಗಳಿಗೆ ಮಾತ್ರ ವಿನಾಯಿತಿ. ಪ್ರತಿವರ್ಷ ಸದಸ್ಯರ ಪಟ್ಟಿ ಸರ್ಕಾರಕ್ಕೆ ಕೊಡಬೇಕು, ಅಷ್ಟೇ ಷರತ್ತು. ರಾಜಮನೆತನದವರೇ ಲಾಡ್ಜ್‌ನಲ್ಲಿದ್ದಾಗ ಹೆದರಿಕೆ ಯಾಕೆ? ನಮ್ಮ ದೇಶಕ್ಕೆ ಲಾಡ್ಜ್ ಬಂದದ್ದು 1730ರಲ್ಲಿ, ಕಲ್ಕತ್ತೆಯ ಫೋರ್ಟ್ ವಿಲಿಯಂಗೆ. ಆಮೇಲೆ ಭಾರತೀಯರೂ ಸೇರಿದರು. ಸನ್ಯಾಸಕ್ಕೆ ಮೊದಲು ವಿವೇಕಾನಂದರು ಕಲ್ಕತ್ತೆಯ ಲಾಡ್ಜ್ ಸೇರಿದ್ದರು, ಮೋತಿಲಾಲ್ ನೆಹರೂ ಕೂಡ ಮೇಸನ್.

ಅದೇ ಕಲ್ಕತ್ತೆಯಲ್ಲಿ 1902ರಲ್ಲಿ ಕ್ರಾಂತಿಕಾರಿಗಳ ಅನುಶೀಲನ ಸಮಿತಿ ಹುಟ್ಟಿತು. ಅಲ್ಲಿಯೂ ಪ್ರಮಾಣ ಇತ್ತು, ಗುಟ್ಟು ಇತ್ತು, ಅಣ್ಣತಮ್ಮಂದಿರ ಹಾಗೆ ಇರುವ ಕಟ್ಟುಪಾಡು ಇತ್ತು. ಜೊತೆಗೆ ಬಾಂಬೂ ಇತ್ತು, ಅದನ್ನು ಮರೆಸಬಾರದು. 1908ರಲ್ಲಿ ಬ್ರಿಟಿಷರು ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ ತಂದರು. ಒಂದು ಸಂಘ ಕಾನೂನುಬಾಹಿರ ಎಂದು ಸರ್ಕಾರ ಗೆಜೆಟ್‌ನಲ್ಲಿ ಹೇಳಿದರೆ ಮುಗಿಯಿತು, ಸದಸ್ಯನಾಗಿರುವುದೇ ಅಪರಾಧ. 1909ರಲ್ಲಿ ಢಾಕಾದ ಅನುಶೀಲನ ಸಮಿತಿಗೆ ಅದನ್ನು ಬಳಸಿದರು. ಆಗ ಅದು ಬಾಂಬು ಮಾಡುವವರಿಗೆ ಎಂದಿದ್ದರು. 1932ರ ಜನವರಿಯಲ್ಲಿ ಅದೇ ಕಾಯ್ದೆಯಡಿ ಕಾಂಗ್ರೆಸ್ ಸಮಿತಿಗಳನ್ನು ಕಾನೂನುಬಾಹಿರ ಎಂದು ಘೋಷಿಸಿದರು. ಅಲ್ಲಿ ಬಾಂಬೂ ಇರಲಿಲ್ಲ, ಗುಟ್ಟೂ ಇರಲಿಲ್ಲ. ಅಂಕೋಲೆಯ ಜನ 1930ರಲ್ಲಿ ಹಾಡಹಗಲು ಸಮುದ್ರತೀರದಲ್ಲಿ ಉಪ್ಪು ಮಾಡಿದವರು. ಕರ ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವರು. ಬಾಗಿಲು ಮುಚ್ಚಬೇಕಾಗಿ ಬಂದದ್ದು ನಿಷೇಧ ಬಿದ್ದ ಮೇಲೆ. ಆಮೇಲೆಯೇ ಬುಲೆಟಿನ್‌ಗಳು ಗುಟ್ಟಾಗಿ ಅಚ್ಚಾಗತೊಡಗಿದವು. ಬ್ರಿಟಿಷ್ ಆಡಳಿತವನ್ನು ನಾನು ಹಿಟ್ಲರ್‌ನ ಆಡಳಿತದ ಸಾಲಿಗೆ ಹಾಕುವುದಿಲ್ಲ. ಆದರೆ ನಿಮ್ಮ ಅಜ್ಜನನ್ನು ಹಿಡಿದ ಆ ಒಂದು ಕಾಯ್ದೆಯ ಬುದ್ಧಿ ಅದೇ ಜಾತಿಯದು.

ಆ ಕಾಯ್ದೆ ಸ್ವಾತಂತ್ರ್ಯದ ಜೊತೆ ಹೋಗಲಿಲ್ಲ ಎಂಬುದು ನಿಮಗೆ ತಿಳಿದಿರಲಿ. 1950ರಲ್ಲಿ ಮದ್ರಾಸ್ ಸರ್ಕಾರ ಅದನ್ನೇ ಬಳಸಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಎಂಬ ಸಂಘವನ್ನು ಕಾನೂನುಬಾಹಿರ ಎಂದಿತು. ಅದರ ಕಾರ್ಯದರ್ಶಿ, ವಕೀಲ ವಿ.ಜಿ. ರಾವ್ ಕೋರ್ಟಿಗೆ ಹೋದರು. 1952ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಸರ್ಕಾರಕ್ಕೆ ಹಾಗೆ ಅನ್ನಿಸಿತು ಎಂಬಷ್ಟಕ್ಕೆ, ನ್ಯಾಯಾಲಯದ ಪರಿಶೀಲನೆ ಇಲ್ಲದೆ ಅದನ್ನು ಕಿತ್ತುಕೊಳ್ಳುವಂತಿಲ್ಲ. ತೀರ್ಪಿನ ಸಾರ ಇದು.

ಅಜ್ಜನ ಶಿಕ್ಷೆಯ ಕಾಗದವೋ ನೋಟೀಸೋ ಮನೆಯಲ್ಲಿ ಉಳಿದಿದ್ದರೆ ಹುಡುಕಿ ನೋಡಿ. 1908ರ ಕಾಯ್ದೆಯ ಹೆಸರು, ಕಲಮಿನ ಸಂಖ್ಯೆ ಅದರಲ್ಲಿ ಇರಬೇಕು. ಮೂಲ ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಂಡು ಒಂದು ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಬೇರೆ ಮನೆಗಳಲ್ಲೂ ಇಂಥ ಕಾಗದ ಇದ್ದರೆ ಅವರಿಗೂ ಹೇಳಿ. ಬಂದಷ್ಟನ್ನೂ ಓದಿ, ಯಾರ ಮೇಲೆ ಯಾವ ಕಲಮು ಹಾಕಿದ್ದರು ಎಂದು ಇದೇ ಅಂಕಣದಲ್ಲಿ ಬರೆಯುತ್ತೇನೆ.